ತಡೆದವರಿಗೇ ದಂಡ

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದವನಿಗೆ ತಾನು ಬರೆದ ಟಿಪ್ಪಣಿಗಳೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ. ಆದರೂ ಕೆಲವು ಷರಾಗಳು ನಿವೃತ್ತಿಯ ನಂತರವೂ ಬೆನ್ನು ಬಿಡುವುದಿಲ್ಲ. ಅಂಥದೊಂದನ್ನು ನಾನು ಬರೆದದ್ದು 2005ರ ಸುಮಾರಿಗೆ. ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಸಾಮಗ್ರಿಗಳನ್ನು ಖರೀದಿಸುವ ಸಮಿತಿಯೊಂದರಲ್ಲಿ ಆಗ ನಾನಿದ್ದೆ. ಗ್ಲೂಕೋಸ್ ಬಾಟಲಿಗೆ ಜೋಡಿಸುವ ಡ್ರಿಪ್ ಸೆಟ್‌ಗಳನ್ನು ಪೂರೈಸಬೇಕಿದ್ದ ಸಣ್ಣ ಕಂಪೆನಿಯೊಂದು ಗಡುವು ಮೀರಿ ಆರು ವಾರ ತಡ ಮಾಡಿತ್ತು. ಆದೇಶದ ಮೊತ್ತ 42 ಲಕ್ಷ ರೂಪಾಯಿ. ಕರಾರಿನ ಪ್ರಕಾರ ವಾರಕ್ಕೆ ಶೇ 0.5ರಂತೆ ದಂಡ. ಲೆಕ್ಕ ಹಾಕಿದರೆ 1.26 ಲಕ್ಷ ರೂಪಾಯಿ. ಕಂಪೆನಿಯ ವಿವರಣೆಯ ಪತ್ರವೂ ಕಡತದಲ್ಲಿತ್ತು. ಪೊಟ್ಟಣದ ಅಂಚಿನ ಬೆಸುಗೆಯಲ್ಲಿ ದೋಷ ಕಂಡುಬಂದದ್ದರಿಂದ ಎರಡು ಬ್ಯಾಚ್‌ಗಳನ್ನು ತಾವೇ ತಿರಸ್ಕರಿಸಿ ಹೊಸದಾಗಿ ತಯಾರಿಸಬೇಕಾಯಿತೆಂದು ಅದರಲ್ಲಿ ಬರೆದಿತ್ತು. ನಾನು ಅದನ್ನು ಓದಿದೆ. ‘ವಿಳಂಬಕ್ಕೆ ಪೂರೈಕೆದಾರರೇ ಹೊಣೆ, ನಿಯಮಾನುಸಾರ ದಂಡ ವಸೂಲು ಮಾಡುವುದು’ ಎಂದು ಬರೆದು ಸಹಿ ಹಾಕಿದೆ.

ಒಂದು ವಾರದ ಬಳಿಕ ಆ ಕಂಪೆನಿಯ ಉತ್ಪಾದನಾ ವಿಭಾಗದ ಮುಖ್ಯಸ್ಥರು ನನ್ನ ಕಚೇರಿಗೆ ಬಂದರು. ನಲವತ್ತೈದರ ಆಸುಪಾಸಿನ ಮೆಕ್ಯಾನಿಕಲ್ ಎಂಜಿನಿಯರ್, ಉತ್ತರ ಕರ್ನಾಟಕದ ಕಡೆಯವರು. ದಂಡ ಮನ್ನಾ ಮಾಡಿಸಿಕೊಳ್ಳಲು ಬಂದಿರಬೇಕೆಂದು ಭಾವಿಸಿ ನಿಯಮಗಳ ವಿಷಯ ಹೇಳತೊಡಗಿದೆ. ಅವರು ಅರ್ಧಕ್ಕೇ ತಡೆದರು. ‘ದಂಡ ಕಟ್ಟುತ್ತೇವೆ ಸರ್. ಅದನ್ನು ಕೇಳಲು ನಾನು ಬಂದಿಲ್ಲ. ಆ ಎರಡು ಬ್ಯಾಚ್ ಕಳಿಸಿಬಿಟ್ಟಿದ್ದರೆ ನಿಮಗೂ ಗೊತ್ತಾಗುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇಡವೆಂದು ನಮ್ಮ ಮಾಲೀಕರನ್ನು ಒಪ್ಪಿಸಿದವನು ನಾನು. ಮುಂದಿನ ಸಲ ಅವರು ನನ್ನ ಮಾತು ಕೇಳುವುದಿಲ್ಲ. ಅಷ್ಟು ತಮಗೆ ತಿಳಿದಿರಲಿ ಎಂದು ಬಂದೆ’ ಎಂದರು. ನಮಸ್ಕಾರ ಹೇಳಿ ಹೊರಟುಹೋದರು.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನೆಂಬ ಹೆಮ್ಮೆ ನನಗಿತ್ತು. ಪ್ರೋತ್ಸಾಹಕ್ಕೂ ದಂಡನೆಗೂ ಮನುಷ್ಯರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದೇ ಆ ಶಾಸ್ತ್ರದ ಮೊದಲ ಪಾಠ. ಆ ಪಾಠವನ್ನು ಅಂದು ನನಗೆ ಹೇಳಿಕೊಟ್ಟವರು ಡ್ರಿಪ್ ಸೆಟ್ ತಯಾರಿಸುವ ಒಬ್ಬ ಎಂಜಿನಿಯರ್. ನಾನು ದಂಡ ವಿಧಿಸಿದ್ದು ವಿಳಂಬಕ್ಕೆ ಎಂದುಕೊಂಡಿದ್ದೆ. ವಾಸ್ತವವಾಗಿ ದಂಡ ಬಿದ್ದದ್ದು ಪ್ರಾಮಾಣಿಕತೆಗೆ.

ವೈದ್ಯಕೀಯ ಸಾಧನಗಳ ತಯಾರಿಕೆಯಲ್ಲಿ ದೇಶ ಸ್ವಾವಲಂಬಿ ಆಗಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಅದು ಸರಿಯಾದ ಮಾತೇ. ನಮಗೆ ಬೇಕಾದ ಸಾಧನಗಳಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಹೊರದೇಶಗಳಿಂದ ಬರುತ್ತದೆಂಬುದು ಈ ಉದ್ಯಮದಲ್ಲಿ ರೂಢಿಯಲ್ಲಿರುವ ಅಂದಾಜು. ಬಂಡವಾಳ, ಭೂಮಿ, ತೆರಿಗೆ, ಆಮದು ಸುಂಕ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಇಂಥ ಕಾರ್ಖಾನೆಯ ಒಳಗೆ ಉತ್ಪಾದನೆಯ ಹೊಣೆ ಹೊತ್ತವರ ಸ್ಥಿತಿಗತಿಯ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಈ ಉದ್ಯಮ ನಂಬಿಕೆಗೆ ಅರ್ಹವಾಗುವುದೂ ಆಗದಿರುವುದೂ ಬಹುಮಟ್ಟಿಗೆ ಅವರ ಕೈಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಅವರ ಕೆಲಸವೇನು ಎಂಬುದನ್ನು ಮೊದಲು ತಿಳಿಯಬೇಕು. ಬಟ್ಟೆಯ ಗಿರಣಿಯಲ್ಲಾಗಲೀ ಸೈಕಲ್ ಕಾರ್ಖಾನೆಯಲ್ಲಾಗಲೀ ತಯಾರಾದ ಸರಕನ್ನು ಕೊನೆಯಲ್ಲಿ ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸಬಹುದು. ಕೊಂಡವರಿಗೂ ಒಂದೆರಡು ದಿನಗಳಲ್ಲಿ ದೋಷ ಕಣ್ಣಿಗೆ ಬೀಳುತ್ತದೆ. ಡ್ರಿಪ್ ಸೆಟ್ಟು ಹಾಗಲ್ಲ. ಅದನ್ನು ಶುದ್ಧೀಕರಿಸಿದ ಗಾಳಿಯಿರುವ ಕೋಣೆಯಲ್ಲಿ ಜೋಡಿಸಿ, ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ವಿಶೇಷ ಕಾಗದವಿರುವ ಪೊಟ್ಟಣದಲ್ಲಿಟ್ಟು ಅಂಚುಗಳನ್ನು ಬಿಸಿಯಿಂದ ಬೆಸೆಯುತ್ತಾರೆ. ಅನಂತರ ಎಥಿಲೀನ್ ಆಕ್ಸೈಡ್ ಅನಿಲ ತುಂಬಿದ ಕೋಣೆಯಲ್ಲಿಡುತ್ತಾರೆ. ಅನಿಲ ಕಾಗದದ ಮೂಲಕ ಒಳಹೊಕ್ಕು ಜೀವಾಣುಗಳನ್ನು ಕೊಲ್ಲುತ್ತದೆ. ಆ ಅನಿಲ ಸ್ವತಃ ವಿಷಕಾರಿ. ಅದು ಸಂಪೂರ್ಣ ಹೊರಹೋಗುವವರೆಗೆ ಸರಕನ್ನು ಗಾಳಿಯಾಡುವಂತೆ ಇರಿಸಬೇಕು. ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಪಟ್ಟಿಗಳಲ್ಲಿ ಸವರಿ ಸರಕಿನ ನಡುವೆ ಇಟ್ಟಿರುತ್ತಾರೆ. ಅವು ಸತ್ತಿವೆಯೇ ಎಂಬುದನ್ನು ದಿನಗಟ್ಟಲೆ ಕಾದು ನೋಡಬೇಕು.

ಹತ್ತು ಲಕ್ಷ ಸಾಧನಗಳಲ್ಲಿ ಒಂದಕ್ಕಿಂತ ಹೆಚ್ಚಿನದರಲ್ಲಿ ಜೀವಾಣು ಉಳಿದಿರುವ ಸಂಭವ ಇರಬಾರದೆಂಬುದು ಅಂತರರಾಷ್ಟ್ರೀಯ ಮಾನದಂಡ. ಈ ಮಾನದಂಡವನ್ನು ಪರೀಕ್ಷೆಯಿಂದ ಸಾಬೀತುಪಡಿಸಲು ಸಾಧ್ಯವೇ? ಪೊಟ್ಟಣ ತೆರೆದು ಪರೀಕ್ಷಿಸಿದರೆ ಆ ಸಾಧನ ಬಳಕೆಗೆ ಬಾರದು. ಹತ್ತು ಲಕ್ಷವನ್ನು ತೆರೆದು ನೋಡಿದರೆ ಮಾರಲು ಏನೂ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಗುಣಮಟ್ಟವನ್ನು ಕೊನೆಯ ಪರೀಕ್ಷೆಯಿಂದ ಗಳಿಸಲಾಗದು. ಪ್ರತಿಯೊಂದು ಹಂತವೂ ನಿಗದಿಯಾದ ರೀತಿಯಲ್ಲೇ ನಡೆದಿದೆ ಎಂಬ ಖಾತರಿಯೊಂದೇ ಆಧಾರ. ಬೆಸೆಯುವ ಯಂತ್ರದ ಬಿಸಿ ಎಷ್ಟಿತ್ತು, ಯಾವ ಪಾಳಿಯಲ್ಲಿ ಯಾರು ನಿಂತಿದ್ದರು, ಅನಿಲ ಎಷ್ಟು ಹೊತ್ತು ಇತ್ತು ಎಂಬುದೆಲ್ಲ ದಾಖಲಾಗಬೇಕು. ಐಎಸ್‌ಒ 13485 ಎಂಬ ಮಾನದಂಡವೂ ನಮ್ಮ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯ ಐದನೆಯ ಅನುಸೂಚಿಯೂ ಒತ್ತಿ ಹೇಳುವುದು ಇದನ್ನೇ.

ನನ್ನ ಬಳಿ ಬಂದಿದ್ದ ಎಂಜಿನಿಯರ್ ಅವರ ಕಾರ್ಖಾನೆಯಲ್ಲಿ ನಡೆದದ್ದು ಇಷ್ಟು ಎಂಬುದು ಅವರ ಪತ್ರವನ್ನು ಮತ್ತೊಮ್ಮೆ ಓದಿದಾಗ ತಿಳಿಯಿತು. ಬೆಸೆಯುವ ಯಂತ್ರದ ಒಂದು ದವಡೆಯ ಬಿಸಿ ಕಡಿಮೆಯಾಗಿತ್ತು. ಪೊಟ್ಟಣ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ಬಣ್ಣದ ದ್ರವ ಹಾಕಿ ನೋಡಿದಾಗ ಕೆಲವು ಪೊಟ್ಟಣಗಳ ಅಂಚಿನಲ್ಲಿ ಕೂದಲೆಳೆಯಷ್ಟು ಬಣ್ಣ ಒಳಗೆ ಸರಿಯಿತು. ಬಣ್ಣ ಹೋಗುವ ದಾರಿಯಲ್ಲಿ ಜೀವಾಣುವೂ ಹೋಗುತ್ತದೆ. ಎಷ್ಟು ಪೊಟ್ಟಣಗಳು ಹಾಗಿವೆ ಎಂದು ಯಾರೂ ಹೇಳಲಾರರು. ಅಂಥ ಸೆಟ್ಟನ್ನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಬಾಣಂತಿಗೋ ಮಗುವಿಗೋ ಹಾಕಿ ಜ್ವರ ಏರಿದರೆ ಅದಕ್ಕೆ ನೂರು ಕಾರಣ ಹೇಳಬಹುದು. ಡ್ರಿಪ್ ಸೆಟ್ಟಿನ ಅಂಚಿನವರೆಗೆ ಹುಡುಕಿಕೊಂಡು ಹೋಗುವವರು ಯಾರು? ‘ಯಾರಿಗೂ ಗೊತ್ತಾಗುತ್ತಿರಲಿಲ್ಲ’ ಎಂದು ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಮಾರುವವನಿಗೆ ತಿಳಿದಿರುವ ದೋಷ ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆಯಲ್ಲಿ ಕೆಟ್ಟ ಸರಕು ಒಳ್ಳೆಯ ಸರಕನ್ನು ಓಡಿಸುತ್ತದೆ ಎಂಬುದನ್ನು ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. ಮಾಹಿತಿಯ ಅಸಮತೆಯ ಕುರಿತ ಈ ಕೆಲಸಕ್ಕಾಗಿ 2001ರಲ್ಲಿ ಮತ್ತಿಬ್ಬರೊಂದಿಗೆ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಹಳೆಯ ಕಾರನ್ನು ಕೊಂಡವನಿಗೆ ಒಂದು ತಿಂಗಳಲ್ಲಾದರೂ ಸತ್ಯ ತಿಳಿಯುತ್ತದೆ. ವೈದ್ಯಕೀಯ ಸಾಧನದ ವಿಷಯದಲ್ಲಿ ರೋಗಿಗೂ ವೈದ್ಯರಿಗೂ ಕೊನೆಯವರೆಗೂ ತಿಳಿಯದೆ ಹೋಗಬಹುದು. ಕಾರ್ಖಾನೆಯ ಒಳಗೆ ಸತ್ಯ ಬಲ್ಲ ಒಬ್ಬಿಬ್ಬರು ಬಾಯಿ ತೆರೆಯುತ್ತಾರೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅವರು ಬಾಯಿ ತೆರೆಯಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕ್ಷಿ. ಸ್ವೀಡನ್ನಿನ ಶಸ್ತ್ರಚಿಕಿತ್ಸಕ ವೈಕಿಂಗ್ ಬ್ಯೋರ್ಕ್ ಮತ್ತು ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೊನಾಲ್ಡ್ ಶೈಲಿ ಇಬ್ಬರ ಹೆಸರಿನಲ್ಲಿ ಪ್ರಸಿದ್ಧವಾದ ಕೃತಕ ಹೃದಯ ಕವಾಟದ ಹೊಸ ಮಾದರಿಯೊಂದು 1979ರಲ್ಲಿ ಅಲ್ಲಿನ ಮಾರುಕಟ್ಟೆಗೆ ಬಂತು. ಆ ವೇಳೆಗೆ ಶೈಲಿ ಕಂಪೆನಿ ಔಷಧ ದೈತ್ಯ ಫೈಜರ್‌ನ ಪಾಲಾಗಿತ್ತು. ಕವಾಟದ ಲೋಹದ ಉಂಗುರಕ್ಕೆ ತೆಳುವಾದ ತಂತಿಯಂಥ ಆಧಾರವನ್ನು ಬೆಸೆದಿದ್ದರು. ಎದೆಯೊಳಗೆ ಹಗಲಿರುಳು ಮಿಡಿಯುವಾಗ ಕೆಲವರಲ್ಲಿ ಆ ಬೆಸುಗೆ ಮುರಿಯಿತು. ಬಿಲ್ಲೆ ಕಳಚಿಕೊಂಡಿತು. ಹಾಗಾದವರಲ್ಲಿ ಹೆಚ್ಚಿನವರು ಬದುಕುಳಿಯಲಿಲ್ಲ. 1986ರಲ್ಲಿ ಮಾರಾಟ ನಿಲ್ಲುವ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 86,000 ಜನರ ಎದೆಯಲ್ಲಿ ಆ ಕವಾಟವಿತ್ತು. ಮುರಿದ ಪ್ರಕರಣಗಳು ನೂರಾರು.

1990ರಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿಯೊಂದು ಈ ಬಗ್ಗೆ ವರದಿ ಹೊರತಂದಿತು. ವಿನ್ಯಾಸದ ದೋಷದಷ್ಟೇ ಆತಂಕ ಹುಟ್ಟಿಸಿದ್ದು ಕಾರ್ಖಾನೆಯ ಒಳಗಿನ ಸಂಗತಿಗಳು. ಬೆಸುಗೆಯಲ್ಲಿ ಬಿರುಕು ಕಂಡಾಗ ಮತ್ತೆ ಬೆಸೆಯಬೇಕಿತ್ತು. ಅದರ ಬದಲು ಬಿರುಕನ್ನು ಉಜ್ಜಿ ನಯಗೊಳಿಸಿ ಮುಂದೆ ಸಾಗಿಸಿದ್ದರೆಂಬ ಆರೋಪ ಬಂತು. ಆಗಲೇ ಕೆಲಸ ಬಿಟ್ಟುಹೋಗಿದ್ದ ನೌಕರನೊಬ್ಬನ ಹೆಸರಿನಲ್ಲಿ ಮರುಬೆಸುಗೆಯ ದಾಖಲೆಗಳು ಇದ್ದುದೂ ಬಯಲಾಯಿತು. ಮುಂದೆ ಕಂಪೆನಿ ರೋಗಿಗಳೊಂದಿಗೆ ಭಾರಿ ಮೊತ್ತದ ಒಪ್ಪಂದ ಮಾಡಿಕೊಂಡಿತು. 1994ರಲ್ಲಿ ಅಮೆರಿಕ ಸರ್ಕಾರಕ್ಕೂ ಒಂದು ಕೋಟಿ ಡಾಲರಿಗಿಂತ ಹೆಚ್ಚು ತೆತ್ತು ಪ್ರಕರಣ ಬಗೆಹರಿಸಿಕೊಂಡಿತು. ಸಾಧನಗಳ ಮೇಲಿನ ನಿಗಾ ಬಿಗಿಗೊಳಿಸುವ ಹೊಸ ಕಾನೂನನ್ನು ಅಮೆರಿಕ 1990ರಲ್ಲೇ ತಂದಿತು.

ಆ ಕಾರ್ಖಾನೆಯಲ್ಲಿ ಇದ್ದವರೆಲ್ಲ ದುಷ್ಟರಾಗಿದ್ದರೆಂದು ನಾನು ನಂಬಲಾರೆ. ಬಿರುಕನ್ನು ಉಜ್ಜಿದ ಕೈ, ‘ಇಂದು ಇಷ್ಟು ಕವಾಟ ಹೊರಗೆ ಹೋಗಲೇಬೇಕು’ ಎಂಬ ಮಾತನ್ನು ಕೇಳಿಸಿಕೊಂಡ ಕೈಯೇ ಆಗಿರಬೇಕು. ಸಂಖ್ಯೆಗೆ ಬಹುಮಾನವಿದ್ದು ತಡೆಯುವುದಕ್ಕೆ ಶಿಕ್ಷೆಯಿದ್ದರೆ ಸಾಮಾನ್ಯ ಮನುಷ್ಯರು ಉಜ್ಜುವ ದಾರಿ ಹಿಡಿಯುತ್ತಾರೆ.

ಅದೇ ಕಾಲದಲ್ಲಿ ಅದೇ ಬಗೆಯ ಕವಾಟವನ್ನು ನಮ್ಮ ದೇಶದಲ್ಲೂ ತಯಾರಿಸುವ ಪ್ರಯತ್ನ ನಡೆದಿತ್ತು. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ. ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ಬಹುತೇಕರು ನಮ್ಮಲ್ಲಿ ಬಡವರು, ಚಿಕ್ಕ ವಯಸ್ಸಿನವರು. ಆಮದು ಕವಾಟದ ಬೆಲೆ ಅವರ ಕೈಗೆ ಎಟುಕುವಂತಿರಲಿಲ್ಲ. ಅವಸರ ಮಾಡಲು ಇದಕ್ಕಿಂತ ದೊಡ್ಡ ಕಾರಣ ಬೇಕೇ? ಆದರೂ ಆ ತಂಡ ಅವಸರ ಮಾಡಲಿಲ್ಲ. ಮೊದಲ ಮಾದರಿಯಲ್ಲಿ ಬೆಸುಗೆಯ ಜಾಗವೇ ಕೈಕೊಟ್ಟಿತು. ಅದನ್ನು ಕೈಬಿಟ್ಟರು. ಎರಡನೆಯದರಲ್ಲಿ ಲೋಹ ಸವೆಯಿತು. ಅದನ್ನೂ ಬಿಟ್ಟರು. ಮೂರನೆಯದರಲ್ಲಿ ನೀಲಮಣಿಯ ಬಿಲ್ಲೆ ಒಡೆಯಿತು. ಮತ್ತೆ ಮೊದಲಿನಿಂದ ಶುರು.

ನಾಲ್ಕನೆಯ ಮಾದರಿಯಲ್ಲಿ ಹೇನ್ಸ್-25 ಎಂಬ ಮಿಶ್ರಲೋಹದ ಒಂದೇ ತುಂಡನ್ನು ಕೊರೆದು ಬೆಸುಗೆಯೇ ಇಲ್ಲದ ಚೌಕಟ್ಟನ್ನು ಮಾಡಿದರು. ಬಿಲ್ಲೆಗೆ ಅತಿ ಗಟ್ಟಿಯಾದ ಪಾಲಿಎಥಿಲೀನ್ ಬಳಸಿದರು. ಮನುಷ್ಯನ ಹೃದಯ ನಿಮಿಷಕ್ಕೆ 72 ಬಾರಿಯಂತೆ ವರ್ಷಕ್ಕೆ ಸುಮಾರು 3.8 ಕೋಟಿ ಸಲ ಮಿಡಿಯುತ್ತದೆ. ಅಷ್ಟೂ ಸಲ ಆ ಬಿಲ್ಲೆ ತೆರೆದು ಮುಚ್ಚಬೇಕು. ಯಂತ್ರಗಳಲ್ಲಿಟ್ಟು ಹತ್ತಾರು ಕೋಟಿ ಬಾರಿ ತೆರೆದು ಮುಚ್ಚಿಸಿ, ಕುರಿಗಳಲ್ಲಿ ಅಳವಡಿಸಿ ನೋಡಿದ ಮೇಲೆ 1990ರ ಡಿಸೆಂಬರ್ 6ರಂದು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅದನ್ನು ಜೋಡಿಸಲಾಯಿತು. ಬಳಿಕ ಟಿಟಿಕೆ ಸಂಸ್ಥೆ ತಯಾರಿಕೆಯ ಹೊಣೆ ಹೊತ್ತಿತು. ಇಂದು ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕವಾಟವನ್ನು ಅಳವಡಿಸಲಾಗಿದೆ. ಡಾ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು ನಮ್ಮ ನಾಡಿನವರೇ ಆದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಣ, ಯಂತ್ರ, ತಂತ್ರಜ್ಞಾನ ಎಲ್ಲದರಲ್ಲೂ ಮುಂದಿದ್ದ ಕಡೆ ಬಿರುಕನ್ನು ಉಜ್ಜಿದರು. ಎಲ್ಲದಕ್ಕೂ ಕೊರತೆಯಿದ್ದ ಕಡೆ ಮೂರು ಬಾರಿ ‘ಇದು ಬೇಡ’ ಎಂದರು. ವ್ಯತ್ಯಾಸವಿದ್ದುದು ದೇಶಗಳ ಗುಣದಲ್ಲಿ ಅಲ್ಲ. ತಿರುವನಂತಪುರದ ತಂಡಕ್ಕೆ ‘ಬೇಡ’ ಎನ್ನುವ ಅಧಿಕಾರವಿತ್ತು. ಹಾಗೆ ಅಂದುದಕ್ಕೆ ಅವರ ಮೇಲೆ ಯಾರೂ ದಂಡ ಹಾಕಲಿಲ್ಲ. ಸಂಶೋಧನಾ ಸಂಸ್ಥೆಗೆ ಇದು ಸಾಧ್ಯ, ಟೆಂಡರಿನ ಗಡುವಿಗೆ ಕಟ್ಟುಬಿದ್ದ ಕಾರ್ಖಾನೆಗೆ ಅದು ದುಬಾರಿ ಎಂದು ಯಾರಾದರೂ ಹೇಳಬಹುದು. ನನ್ನ ದೂರು ಇರುವುದೂ ಅಲ್ಲಿಯೇ. ಆ ದುಬಾರಿತನವನ್ನು ಸೃಷ್ಟಿಸಿದವರು ನಾವು.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವಂತಿಲ್ಲ. ಬಹುಕಾಲ ಸಿರಿಂಜು, ಸೂಜಿ, ಡ್ರಿಪ್ ಸೆಟ್ಟುಗಳಂಥ ಕೆಲವೇ ಸಾಧನಗಳು ಔಷಧ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. 2018ರ ಜನವರಿಯಿಂದ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂತು. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಸಾಧನಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಯಿತು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾಯ್ದೆಯ ವ್ಯಾಪ್ತಿಗೆ ಬಂದವು. ಅಪಾಯ ಹೆಚ್ಚಿರುವ ವರ್ಗಗಳಿಗೂ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯವಾಯಿತು. ಸಾಧನಗಳಿಂದ ಆಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲೇ ಆರಂಭವಾಗಿದೆ. ಸ್ಟೆಂಟ್‌ಗಳಿಗೆ ಬೇಕಾಬಿಟ್ಟಿ ಬೆಲೆ ವಸೂಲು ಮಾಡುತ್ತಿದ್ದಾಗ 2017ರ ಫೆಬ್ರುವರಿಯಲ್ಲಿ ಗರಿಷ್ಠ ಬೆಲೆ ಗೊತ್ತುಪಡಿಸಿದ್ದು ದಿಟ್ಟ ಕ್ರಮ. ಔಷಧ ಲೇಪಿತ ಸ್ಟೆಂಟಿಗೆ ಅಂದು ನಿಗದಿಯಾದದ್ದು 29,600 ರೂಪಾಯಿ.

ಆದರೆ ಈ ಎಲ್ಲ ಕ್ರಮಗಳ ಜೊತೆಗೆ ಹಣದ ಹರಿವು ಯಾವ ಕಡೆಗಿದೆ ಎಂಬುದನ್ನೂ ನೋಡಬೇಕು. 2020ರಲ್ಲಿ ಘೋಷಿಸಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯಲ್ಲಿ ವೈದ್ಯಕೀಯ ಸಾಧನಗಳಿಗೆ 3,420 ಕೋಟಿ ರೂಪಾಯಿ ಮೀಸಲಿಡಲಾಯಿತು. ಮಾರಾಟದಲ್ಲಿ ಆದ ಹೆಚ್ಚಳದ ಶೇ 5ರಷ್ಟನ್ನು ಕಂಪೆನಿಗೆ ಕೊಡುವುದು ಅದರ ತಿರುಳು. ಹೆಚ್ಚು ಮಾರಿದವರಿಗೆ ಹೆಚ್ಚು ಹಣ. ದೋಷವಿದ್ದ ಬ್ಯಾಚನ್ನು ತಡೆದವರಿಗೆ ಆ ವರ್ಷದ ಮಾರಾಟ ಕಡಿಮೆ, ಪ್ರೋತ್ಸಾಹಧನವೂ ಕಡಿಮೆ. ಇತ್ತ ಖರೀದಿಯಲ್ಲಿ ಕನಿಷ್ಠ ದರ ಕೂಗಿದವರಿಗೇ ಆದೇಶ, ತಡವಾದರೆ ದಂಡ. ಒಂದು ಕೈ ವೇಗಕ್ಕೆ ಬಹುಮಾನ ಕೊಡುತ್ತದೆ, ಇನ್ನೊಂದು ಕೈ ಎಚ್ಚರಕ್ಕೆ ಶಿಕ್ಷೆ ಕೊಡುತ್ತದೆ. ನಿಯಮಾವಳಿಯ ಪುಸ್ತಕ ಮಾತ್ರ ‘ಎಚ್ಚರದಿಂದಿರಿ’ ಎನ್ನುತ್ತದೆ. ಕಾರ್ಖಾನೆಯ ಮಾಲೀಕರು ಯಾರ ಮಾತು ಕೇಳುತ್ತಾರೆಂದು ಊಹಿಸುವುದು ಕಷ್ಟವಲ್ಲ.

ನಮ್ಮಲ್ಲಿ ಸಾಮರ್ಥ್ಯಕ್ಕೆ ಕೊರತೆಯಿಲ್ಲ ಎಂಬುದು 2020ರಲ್ಲಿ ಸಾಬೀತಾಗಿದೆ. ಕೋವಿಡ್ ಕಾಲಿಟ್ಟಾಗ ವೆಂಟಿಲೇಟರ್‌ಗಳಿಗಾಗಿ ಇಡೀ ಜಗತ್ತು ಕೈಚಾಚಿ ನಿಂತಿತ್ತು. ರಕ್ಷಣಾ ಉಪಕರಣ ತಯಾರಿಸುವ ಬೆಂಗಳೂರಿನ ಬಿಇಎಲ್ ಸಂಸ್ಥೆಗೆ ಕೇಂದ್ರ ಸರ್ಕಾರ 30,000 ವೆಂಟಿಲೇಟರ್‌ಗಳ ಆದೇಶ ಕೊಟ್ಟಿತು. ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪೆನಿಯದು. ಡಿಆರ್‌ಡಿಒ ನೆರವಿಗೆ ನಿಂತಿತು. ಹೊರಗಿನಿಂದ ಬರುತ್ತಿದ್ದ ಬಿಡಿಭಾಗಗಳು ನಿಂತುಹೋದಾಗ ಹಲವನ್ನು ಇಲ್ಲಿಯೇ ತಯಾರಿಸಿಕೊಂಡರು. ಕೆಲವೇ ತಿಂಗಳಲ್ಲಿ ಈ ಕೆಲಸ ಮಾಡಿದವರು ನಮ್ಮ ನಾಡಿನ ಎಂಜಿನಿಯರುಗಳು, ಕಾರ್ಮಿಕರು. ಅದಕ್ಕೆ ಅಭಿಮಾನ ಪಡಬೇಕು. ಅದೇ ವೇಳೆ, ಆ ದಿನಗಳಲ್ಲಿ ದೇಶದ ನಾನಾ ಕಡೆ ಪೂರೈಕೆಯಾದ ವೆಂಟಿಲೇಟರ್‌ಗಳಲ್ಲಿ ಕೆಲವು ತರಬೇತಾದ ಸಿಬ್ಬಂದಿ, ಆಮ್ಲಜನಕದ ಸಂಪರ್ಕ ಇಲ್ಲದೆ ಮೂಲೆ ಸೇರಿದ್ದವೆಂಬ ವರದಿಗಳು 2021ರಲ್ಲಿ ಬಂದುದನ್ನೂ ಮರೆಯಬಾರದು. ಎಷ್ಟು ಸಾಧನ ಹೊರಬಂತು ಎಂಬುದೊಂದೇ ಲೆಕ್ಕವಾದರೆ ಅದು ರೋಗಿಯ ಪಾಲಿಗೆ ಉಪಯೋಗಕ್ಕೆ ಬಂತೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ನನ್ನ ವಾದಕ್ಕೆ ಆಕ್ಷೇಪಣೆಗಳಿವೆ. ಮೊದಲನೆಯದು: ಗುಣಮಟ್ಟದ ನೆಪ ಹೇಳಿ ಎಲ್ಲರೂ ತಡ ಮಾಡತೊಡಗಿದರೆ ಆಸ್ಪತ್ರೆಗಳ ಗತಿಯೇನು? ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಡ್ರಿಪ್ ಸೆಟ್ಟಿಲ್ಲದ ಆಸ್ಪತ್ರೆಯಲ್ಲೂ ಜನ ಸಾಯುತ್ತಾರೆ. ನಾನು ದಂಡದ ಷರಾ ಬರೆದಾಗ ನನ್ನ ಮನಸ್ಸಿನಲ್ಲಿ ಇದ್ದುದೂ ಅದೇ. ದಂಡದ ಭಯವಿಲ್ಲದಿದ್ದರೆ ಕೆಲವು ಪೂರೈಕೆದಾರರು ಏನು ಮಾಡುತ್ತಾರೆಂಬುದನ್ನು ಖರೀದಿ ಸಮಿತಿಯಲ್ಲಿ ಕುಳಿತವರೆಲ್ಲ ಬಲ್ಲರು. ಎರಡನೆಯದು: ಗುಣಮಟ್ಟದ ಹೆಸರಿನಲ್ಲಿ ದರ ಏರಿದರೆ ಬಡವರಿಗೆ ಚಿಕಿತ್ಸೆ ಇನ್ನಷ್ಟು ದೂರವಾಗುವುದಿಲ್ಲವೇ?

ಎರಡನೆಯ ಆಕ್ಷೇಪಣೆಗೆ ಚಿತ್ರಾ ಕವಾಟವೇ ಉತ್ತರ. ಎಚ್ಚರದಿಂದ ಮಾಡಿದ್ದು ಅಗ್ಗವಾಗಿಯೂ ಇರಬಹುದೆಂದು ಅದು ತೋರಿಸಿಕೊಟ್ಟಿದೆ. ಮೊದಲನೆಯದಕ್ಕೆ ಉತ್ತರ ನಿಯಮದಲ್ಲೇ ಸಿಗಬೇಕು. ನೆಪಕ್ಕೂ ನಿಜಕ್ಕೂ ನಡುವಣ ವ್ಯತ್ಯಾಸವನ್ನು ಈ ಉದ್ಯಮದಲ್ಲಿ ಗುರುತಿಸಬಹುದು, ಏಕೆಂದರೆ ಇಲ್ಲಿ ಪ್ರತಿ ಬ್ಯಾಚಿಗೂ ದಾಖಲೆಯಿರುತ್ತದೆ. ಗಡುವಿಗೆ ಮೊದಲೇ ತಿಳಿಸಿ, ಯಾವ ಬ್ಯಾಚು, ಯಾವ ದೋಷ, ಯಾವ ಪರೀಕ್ಷೆ ಎಂಬ ವಿವರ ಕೊಟ್ಟು, ತಿರಸ್ಕೃತ ಸರಕನ್ನು ಪರಿವೀಕ್ಷಕರ ಎದುರು ನಾಶಪಡಿಸಲು ಸಿದ್ಧವಿರುವವರ ವಿಳಂಬಕ್ಕೆ ನಿರ್ದಿಷ್ಟ ಮಿತಿಯೊಳಗೆ ದಂಡ ವಿಧಿಸಬಾರದು. ನೆಪ ಹೇಳುವವನು ತನ್ನ ಸರಕನ್ನು ತಾನೇ ನಾಶಪಡಿಸಲು ಒಪ್ಪುವುದಿಲ್ಲ. ಆಸ್ಪತ್ರೆಗಳಿಗೆ ತೊಂದರೆಯಾಗದಂತೆ ಎರಡು ಮೂರು ತಿಂಗಳ ದಾಸ್ತಾನು ಇಟ್ಟುಕೊಳ್ಳುವುದು ಖರೀದಿದಾರನ ಕರ್ತವ್ಯ. ದಾಸ್ತಾನು ಇಡದ ನಮ್ಮ ತಪ್ಪಿಗೆ ಉತ್ಪಾದಕನ ಮೇಲೆ ಅವಸರ ಹೇರುವುದು ನ್ಯಾಯವಲ್ಲ.

ಇನ್ನೂ ಕೆಲವು ಕೆಲಸಗಳಾಗಬೇಕು. ಟೆಂಡರಿನಲ್ಲಿ ದರದ ಲಕೋಟೆ ತೆರೆಯುವ ಮುನ್ನ ಕಾರ್ಖಾನೆಯ ತಯಾರಿಕಾ ಪದ್ಧತಿಯನ್ನು ಅಳೆಯಬೇಕು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಖರೀದಿಯ ಪಾರದರ್ಶಕತೆಗೆಂದು 1999ರಲ್ಲೇ ಕಾಯ್ದೆ ಬಂದಿದೆ. ಪಾರದರ್ಶಕತೆ ಎಂದರೆ ಕಣ್ಣು ಮುಚ್ಚಿ ಕಡಿಮೆ ದರ ಒಪ್ಪುವುದಲ್ಲ. ಅಳತೆಗೋಲನ್ನು ಮೊದಲೇ ಎಲ್ಲರಿಗೂ ತಿಳಿಸಿ, ಎಲ್ಲರನ್ನೂ ಅದೇ ಕೋಲಿನಿಂದ ಅಳೆಯುವುದು. ತಿರಸ್ಕರಿಸಿದ ಬ್ಯಾಚುಗಳ ದಾಖಲೆಯನ್ನು ಮುಚ್ಚಿಡದೆ ತೋರಿಸುವ ಕಂಪೆನಿಗೆ ಅಂಕ ಸಿಗಬೇಕು. ಒಂದನ್ನೂ ತಿರಸ್ಕರಿಸಿಲ್ಲ ಎನ್ನುವ ಕಂಪೆನಿಯನ್ನು ಅನುಮಾನದಿಂದ ನೋಡಬೇಕು.

ಪ್ರೋತ್ಸಾಹಧನದ ಒಂದು ಭಾಗವನ್ನು ಮಾರಾಟಕ್ಕಲ್ಲದೆ ಪರೀಕ್ಷಾ ವ್ಯವಸ್ಥೆಗೆ, ಸಿಬ್ಬಂದಿಯ ತರಬೇತಿಗೆ ಕಟ್ಟಬೇಕು. ಬ್ಯಾಚನ್ನು ಹೊರಗೆ ಬಿಡುವ ಸಹಿ ಮಾರಾಟದ ಗುರಿಗೆ ಉತ್ತರ ಕೊಡಬೇಕಾದವರ ಕೈಯಲ್ಲಿ ಇರಬಾರದು. ಹಾಗೆ ಸಹಿ ಹಾಕಲು ಒಲ್ಲೆ ಎಂದವರನ್ನು ಕೆಲಸದಿಂದ ತೆಗೆದರೆ ಅದನ್ನು ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ ಕಾರಣಸಹಿತ ತಿಳಿಸಬೇಕೆಂಬ ನಿಯಮ ಬರಲಿ. ಇದು ಉದ್ಯಮದ ಸ್ವಾತಂತ್ರ್ಯಕ್ಕೆ ಅಡ್ಡಿ ಎನ್ನುವವರು ಒಂದನ್ನು ಯೋಚಿಸಲಿ. ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ದೇಶದ ಸಾಧನಕ್ಕೆ ಹೆಸರು ಬರಲು ದಶಕಗಳು ಬೇಕು, ಹೋಗಲು ಒಂದು ಕೆಟ್ಟ ಬ್ಯಾಚು ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಸ್ಪತ್ರೆಗಳ ಪಾಲೂ ಇದೆ. ಸಾಧನದಲ್ಲಿ ಅನುಮಾನ ಬಂದಾಗ ಅದನ್ನು ಕಸದ ಬುಟ್ಟಿಗೆ ಎಸೆದು ಇನ್ನೊಂದನ್ನು ತೆಗೆದುಕೊಳ್ಳುವುದು ರೂಢಿ. ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟು ವರದಿ ಮಾಡಲು ದಾದಿಯರಿಗೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಅವರಿಗೆ ಒದಗಿಸುವುದು ಆಡಳಿತದ ಹೊಣೆ.

ಆ ಎಂಜಿನಿಯರ್ ಅವರನ್ನು ಮತ್ತೆ ನಾನು ಕಾಣಲಿಲ್ಲ. ಕೆಲವು ತಿಂಗಳ ನಂತರ ಅದೇ ಕಂಪೆನಿಯಿಂದ ಬಂದ ಕಾಗದವೊಂದರಲ್ಲಿ ಉತ್ಪಾದನಾ ಮುಖ್ಯಸ್ಥರ ಜಾಗದಲ್ಲಿ ಬೇರೊಬ್ಬರ ಸಹಿಯಿತ್ತು. ಅವರು ತಾವಾಗಿ ಬಿಟ್ಟರೋ, ಬಿಡಿಸಿದರೋ ವಿಚಾರಿಸುವ ಧೈರ್ಯ ನನಗಾಗಲಿಲ್ಲ. ಮುಂದಿನ ಎರಡು ವರ್ಷ ಆ ಕಂಪೆನಿ ಎಲ್ಲ ಆದೇಶಗಳನ್ನೂ ಗಡುವಿನೊಳಗೆ ಪೂರೈಸಿತು. ಒಂದು ದಿನವೂ ತಡವಾಗಲಿಲ್ಲ. ಸಮಿತಿಯ ಸಭೆಯಲ್ಲಿ ಅದನ್ನು ಮೆಚ್ಚಿ ಮಾತನಾಡಿದರು. ನಾನು ಸುಮ್ಮನೆ ಕುಳಿತಿದ್ದೆ. ಆ ಪೊಟ್ಟಣಗಳ ಅಂಚನ್ನು ಯಾರಾದರೂ ಬಣ್ಣ ಹಾಕಿ ನೋಡಿದ್ದಾರೆಯೇ ಎಂದು ಅಂದು ನಾನು ಕೇಳಬೇಕಿತ್ತು. ಇಂದು ಆ ಕುರ್ಚಿಯಲ್ಲಿ ಕುಳಿತಿರುವವರಾದರೂ ಕೇಳಲಿ.